ಅಡುಗೆಮನೆ ಬಿಚ್ಚಿದ ಆರು ವಾರ ಮನೆಯ ಊಟವನ್ನು ನಡೆಸುವುದು ಹೇಗೆ?

ಪ್ರಶ್ನೆ (ಕಾಸರಗೋಡು ಜಿಲ್ಲೆಯ ನೀರ್ಚಾಲು ಸಮೀಪದಿಂದ)

ನಮ್ಮದು ನೀರ್ಚಾಲಿನ ಸಮೀಪ ಅಡಿಕೆ ತೋಟದ ಬದಿಯಲ್ಲಿರುವ, ಕೆಂಪು ಮುರಕಲ್ಲಿನ ಗೋಡೆಯ, ಹಂಚಿನ ಮಾಡಿನ ಹಳೆಯ ಮನೆ. ಅಡುಗೆಮನೆಯ ಪಕ್ಕಾಸು, ರೀಪು ಮೊದಲಾದ ಮಾಡಿನ ಮರಗಳಿಗೆಲ್ಲ ಗೆದ್ದಲು ಹಿಡಿದು ಎರಡು ಮಳೆಗಾಲಗಳಿಂದ ಸೋರುತ್ತಿರುವುದರಿಂದ, ಈ ಬಾರಿ ವಿಷು ಕಳೆದ ಕೂಡಲೇ ಮಾಡನ್ನು ಬಿಚ್ಚಿ, ಹಳೆಯ ಒಲೆಯ ಕಟ್ಟೆಯನ್ನು ತೆಗೆದು, ನೆಲಕ್ಕೆ ಟೈಲ್ಸ್ ಹಾಕಿಸಿ, ನಿಂತು ಅಡುಗೆ ಮಾಡುವಂತೆ ಗ್ರಾನೈಟಿನ ಕಟ್ಟೆಯನ್ನು ಕಟ್ಟಿಸಬೇಕೆಂದು ನಿಶ್ಚಯಿಸಿದ್ದೇವೆ. ಮೇಸ್ತ್ರಿಯವರು ಆರು ವಾರಗಳ ಕೆಲಸವೆಂದು ಹೇಳಿದ್ದಾರೆ. ಜೂನ್ ಮೊದಲ ವಾರ ಮಳೆ ಹಿಡಿಯುವುದರೊಳಗೆ ಮಾಡು ಮುಚ್ಚಲೇಬೇಕಾದುದರಿಂದ ಕೆಲಸವನ್ನು ಮುಂದೂಡುವಂತಿಲ್ಲ.

ಮನೆಯಲ್ಲಿ ನಾವು ಆರು ಮಂದಿ. ಮಾವನವರಿಗೆ ಸಕ್ಕರೆ ಕಾಯಿಲೆಯಿದ್ದು ಎರಡು ಹೊತ್ತು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಅತ್ತೆಯವರು ಹೊರಗಿನ ಊಟವನ್ನು ಮುಟ್ಟುವುದಿಲ್ಲ. ಮಕ್ಕಳಿಬ್ಬರಿಗೆ ಶಾಲೆಗೆ ರಜೆಯಾದುದರಿಂದ ಅವರಿಗೂ ಮೂರು ಹೊತ್ತು ಮನೆಯಲ್ಲಿಯೇ ಆಗಬೇಕು. ಇದರ ಜೊತೆಗೆ ಕೆಲಸದ ನಾಲ್ವರಿಗೆ ಹತ್ತು ಗಂಟೆಯ ಚಹಾ, ಮಧ್ಯಾಹ್ನದ ಊಟ, ಸಂಜೆಯ ಚಹಾ ಕೊಡುವುದು ನಮ್ಮಲ್ಲಿ ಮೊದಲಿನಿಂದ ನಡೆದು ಬಂದ ಕ್ರಮ. ಚಾವಡಿ, ಉಗ್ರಾಣ, ಬಚ್ಚಲುಮನೆಯ ಹೊರಗಿನ ಜಗಲಿ, ಈ ಮೂರರಲ್ಲಿ ಎಲ್ಲಿಯಾದರೂ ತಾತ್ಕಾಲಿಕವಾಗಿ ಒಲೆಯಿಟ್ಟುಕೊಳ್ಳಬಹುದು. ಎರಡು ಉರಿಯ ಗ್ಯಾಸ್ ಒಲೆಯಿದೆ. ಇಂಡಕ್ಷನ್ ಒಲೆಯೊಂದನ್ನು ಕೊಳ್ಳಬೇಕೇ, ಯಾವ ಜಾಗವನ್ನು ಆರಿಸಬೇಕು, ಇಷ್ಟು ಮಂದಿಗೆ ದಿನವೂ ಏನನ್ನು ಮಾಡಿ ಬಡಿಸಿದರೆ ಕಷ್ಟವಾಗದು ಎಂಬುದನ್ನು ಇಂತಹ ಕೆಲಸವನ್ನು ದಾಟಿ ಬಂದವರು ದಯವಿಟ್ಟು ತಿಳಿಸಬೇಕು.

ಉತ್ತರ (ಪೆರ್ಲದಿಂದ)

ಅಕ್ಕಾ, ಕಳೆದ ವರ್ಷ ಇದೇ ತಿಂಗಳಲ್ಲಿ ನಮ್ಮ ಮನೆಯಲ್ಲಿಯೂ ಇದೇ ಕೆಲಸ ನಡೆಯಿತು. ಆರು ವಾರವೆಂದದ್ದು ಒಂಬತ್ತು ವಾರವಾಯಿತು. ನೀವು ಒಲೆಯ ಬಗ್ಗೆ ಕೇಳಿದ್ದೀರಿ. ನಾನು ಅದಕ್ಕಿಂತ ಮೊದಲು ನೀರಿನ ಬಗ್ಗೆ ಹೇಳಬೇಕೆಂದಿದ್ದೇನೆ. ಅಡುಗೆಮನೆ ಇಲ್ಲದಿರುವಾಗ ನಮ್ಮನ್ನು ಸೋಲಿಸುವುದು ಬೇಯಿಸುವ ಕೆಲಸವಲ್ಲ, ತೊಳೆಯುವ ಕೆಲಸ. ಮೊದಲ ವಾರ ನಾನು ಚಾವಡಿಯಲ್ಲಿ ಒಲೆಯಿಟ್ಟು, ಪಾತ್ರೆ ತೊಳೆಯಲು ಬಾವಿಕಟ್ಟೆಗೆ ಹೋಗುತ್ತಿದ್ದೆ. ಅಕ್ಕಿ ತೊಳೆಯುವುದಕ್ಕೊಮ್ಮೆ, ಗಂಜಿ ತಿಳಿ ಬಸಿಯುವುದಕ್ಕೊಮ್ಮೆ, ತರಕಾರಿ ತೊಳೆಯುವುದಕ್ಕೊಮ್ಮೆ, ಮಿಕ್ಸಿಯ ಜಾರಿಗೊಮ್ಮೆ ಎಂದು ಆ ಮೆಟ್ಟಲುಗಳನ್ನು ಹತ್ತಿ ಇಳಿದು ನಾಲ್ಕನೆಯ ದಿನಕ್ಕೆ ಮೊಣಕಾಲು ಬಾತುಕೊಂಡಿತು. ಆಮೇಲೆ ಒಲೆಯನ್ನು ಬಚ್ಚಲುಮನೆಯ ಹೊರಗಿನ ಜಗಲಿಗೆ ತಂದು, ನಳ್ಳಿಯಿಂದ ಒಂದು ಪೈಪು ಎಳೆದು, ಹಳೆಯ ಬಾಗಿಲಿನ ಹಲಗೆಯೊಂದನ್ನು ನಾಲ್ಕು ಕಲ್ಲುಗಳ ಮೇಲೆ ಇರಿಸಿ ತೊಳೆಯುವ ಕಟ್ಟೆಯನ್ನು ಮಾಡಿಕೊಂಡ ಬಳಿಕ ಅರ್ಧ ಕಷ್ಟ ಅಂದೇ ಕಳೆಯಿತು. ಆದುದರಿಂದ ನೀರು ಬರುವ ಜಾಗ, ನೀರು ಹರಿದು ಹೋಗುವ ಜಾಗ ಎರಡೂ ಒಲೆಯಿಂದ ನಾಲ್ಕು ಹೆಜ್ಜೆಯೊಳಗಿರಲಿ. ನಿಮ್ಮಲ್ಲಿಯೂ ಜಗಲಿಯೇ ಸರಿ. ನಿಮ್ಮ ಮನೆಗೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಬರುವುದಾದರೆ, ಏಪ್ರಿಲ್ ಕೊನೆಗೆ ಅದು ಬೆರಳಿನ ಗಾತ್ರಕ್ಕೆ ಇಳಿಯುವುದರಿಂದ ರಾತ್ರಿಯೇ ಒಂದು ಡ್ರಮ್ಮಿನಲ್ಲಿ ತುಂಬಿಸಿಕೊಳ್ಳಿ. ಕಾಂಕ್ರೀಟಿಗೆ ನೀರು ಹಾಕುವವರೂ ಅದೇ ತೊಟ್ಟಿಯಿಂದ ತೆಗೆಯುತ್ತಾರೆ ಎಂಬುದು ನೆನಪಿರಲಿ.

ಎರಡನೆಯದು ಧೂಳು. ಮುರಕಲ್ಲಿನ ಗೋಡೆಯನ್ನು ಕೊರೆದು ಪೈಪು ಕೂರಿಸಿದ ದಿನ, ನಾನು ಒಳಗಿನ ಬಾಗಿಲನ್ನು ಮುಚ್ಚಿದ್ದೇನೆಂದು ಧೈರ್ಯದಿಂದ ಇದ್ದೆ. ಮಧ್ಯಾಹ್ನ ಮಜ್ಜಿಗೆಯ ಪಾತ್ರೆಯ ಮುಚ್ಚಳವನ್ನು ತೆಗೆದಾಗ ಮೇಲೆ ಅರಸಿನ ಕುಂಕುಮ ಕಲಸಿದಂತೆ ತೆಳುವಾದ ಕೆಂಪು ಕೆನೆಯೊಂದು ನಿಂತಿತ್ತು. ಮುಚ್ಚಳದ ಅಂಚಿನಲ್ಲಿ ಸೌಟಿನ ಹಿಡಿಗಾಗಿ ಇರುವ ಸಣ್ಣ ಕಂಡಿಯಿಂದ ಅಷ್ಟು ಧೂಳು ಒಳಗೆ ಇಳಿದಿತ್ತು. ಉಗ್ರಾಣದಲ್ಲಿ ಬಟ್ಟೆ ಕಟ್ಟಿಟ್ಟಿದ್ದ ಮಾವಿನ ಮಿಡಿಯ ಭರಣಿಯೂ ಹಾಗೆಯೇ ಆಗಿ, ಒಂದು ವರ್ಷಕ್ಕೆಂದು ಹಾಕಿದ ಉಪ್ಪಿನಕಾಯಿಯನ್ನು ತೆಂಗಿನ ಬುಡಕ್ಕೆ ಸುರಿಯಬೇಕಾಯಿತು. ಅದನ್ನು ನೆನೆದರೆ ಈಗಲೂ ಹೊಟ್ಟೆಯುರಿಯುತ್ತದೆ. ಕೆಲಸ ಆರಂಭವಾಗುವ ಮುನ್ನಾದಿನವೇ ಭರಣಿಗಳು, ಹಪ್ಪಳ ಸಂಡಿಗೆಯ ಡಬ್ಬಗಳು, ಉಪ್ಪುಸೊಳೆಯ (ಉಪ್ಪಿನಲ್ಲಿಟ್ಟ ಹಲಸಿನ ಸೊಳೆಯ) ಪಾತ್ರೆ ಎಲ್ಲವನ್ನೂ ಮನೆಯ ಇನ್ನೊಂದು ತುದಿಯ ಕೋಣೆಗೆ ಸಾಗಿಸಿ, ಬಾಯಿಗೆ ಪ್ಲಾಸ್ಟಿಕ್ ಹಾಳೆಯನ್ನು ಕಟ್ಟಿ, ಅದರ ಮೇಲೆ ಬಟ್ಟೆ ಕಟ್ಟಿ. ಅಡುಗೆಮನೆಯಿಂದ ಒಳಗೆ ಬರುವ ಬಾಗಿಲಿಗೆ ಟರ್ಪಾಲನ್ನು ಮೇಲಿನಿಂದ ನೆಲದವರೆಗೆ ಇಳಿಬಿಟ್ಟು ಕೆಳಗೆ ಕಲ್ಲಿಡಿಸಿ. ಟೈಲ್ಸ್, ಗ್ರಾನೈಟ್‌ಗಳನ್ನು ಅಂಗಳದಲ್ಲಿ, ನೀರು ಹಾಯಿಸುತ್ತಲೇ ಕತ್ತರಿಸಬೇಕೆಂದು ಮೇಸ್ತ್ರಿಯವರಿಗೆ ಮೊದಲೇ ಹೇಳಿ. ಕಲ್ಲಿನ ಆ ಬಿಳಿ ಧೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದು; ಕೆಲಸದವರ ಒಳಿತಿಗೂ ಅದು ಅಗತ್ಯ.

ಇನ್ನು ಅಡುಗೆ. ಪದಾರ್ಥಗಳ ಸಂಖ್ಯೆಯನ್ನು ಇಳಿಸಿ, ರುಚಿಯನ್ನು ಇಳಿಸಬೇಕಾಗಿಲ್ಲ. ನಮ್ಮ ಕಡೆಯ ಅಡುಗೆಯಲ್ಲಿ ಬೆಂಕಿಯನ್ನೇ ಮುಟ್ಟದ ಪದಾರ್ಥಗಳು ಎಷ್ಟಿವೆ ಎಂಬುದು ನನಗೆ ಆ ಒಂಬತ್ತು ವಾರಗಳಲ್ಲಿ ಗೊತ್ತಾಯಿತು. ಕಾಟುಮಾವಿನ ಹಣ್ಣಿನ ಸಾಸಮೆಗೆ ಬೇಕಾದುದು ತೆಂಗಿನಕಾಯಿ, ಸಾಸಿವೆ, ಒಂದು ಒಣಮೆಣಸು, ಬೆಲ್ಲ ಮಾತ್ರ. ಮುಳ್ಳುಸೌತೆಯ ಸಳ್ಳಿ, ಮಾವಿನಕಾಯಿ ಚಟ್ನಿ, ಹಸಿಯಾಗಿಯೇ ಅರೆದ ಒಂದೆಲಗದ ತಂಬುಳಿ, ಇವುಗಳಲ್ಲಿ ಎರಡನ್ನು ಕುಚ್ಚಲಕ್ಕಿ ಗಂಜಿಯ ಜೊತೆಗೆ ಬಡಿಸಿ, ಮೇಲೆ ಒಂದು ಸುಟ್ಟ ಹಪ್ಪಳವನ್ನಿಟ್ಟರೆ ಈ ಸೆಖೆಗೆ ಅದಕ್ಕಿಂತ ಹಿತವಾದ ಊಟ ಬೇರೆಯಿಲ್ಲ. ಕುಚ್ಚಲಕ್ಕಿ ಒಂದು ಉರಿಯನ್ನು ಹಿಡಿದುಕೊಂಡಿರುವಾಗ ಇನ್ನೊಂದು ಉರಿಯಲ್ಲಿ ಬೆಂದಿಯೋ (ತರಕಾರಿಯ ಮೇಲೋಗರ) ಪಲ್ಯವೋ ಒಂದೇ ಒಂದು ಆದರೆ ಸಾಕು. ಹಲಸಿನಕಾಯಿಯ ಕಾಲವಾದುದರಿಂದ ಅದರ ಪಲ್ಯವನ್ನು ಮಾಡುವ ಆಸೆಯಾಗುತ್ತದೆ. ಆದರೆ ಅದನ್ನು ಕೊಯ್ದು ಬಿಡಿಸುವ ಮೇಣದ ಕೆಲಸವನ್ನು ತೋಟದ ಬದಿಯಲ್ಲಿಯೇ ಮುಗಿಸಿ ಸೊಳೆಯನ್ನು ಮಾತ್ರ ಒಳಗೆ ತನ್ನಿ. ಬೆಳಗಿನ ತಿಂಡಿಗೆ ವಾರದಲ್ಲಿ ಮೂರು ದಿನ ಅವಲಕ್ಕಿ, ಎರಡು ದಿನ ಅರೆಯುವ ಕೆಲಸವಿಲ್ಲದ ಗೋಧಿ ದೋಸೆ ಎಂದು ನಾನು ನಿಯಮ ಮಾಡಿಕೊಂಡಿದ್ದೆ.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಹಸಿ ತೆಂಗಿನಕಾಯಿ ಅರೆದ ಪದಾರ್ಥ ಈ ಕಾಲದಲ್ಲಿ ಬೆಳಗಿನಿಂದ ರಾತ್ರಿಗೆ ನಿಲ್ಲುವುದಿಲ್ಲ. ಎರಡು ದಿನಕ್ಕಾಗುವಷ್ಟು ಒಮ್ಮೆಗೇ ಅರೆದಿಟ್ಟರೆ ತೊಳೆಯುವ ಕೆಲಸ ಉಳಿಯುತ್ತದೆಂದು ನಾನೂ ಯೋಚಿಸಿ, ಕರೆಂಟು ಹೋದ ಒಂದು ಸಂಜೆ ಎಲ್ಲವನ್ನೂ ಚೆಲ್ಲಿದ್ದೇನೆ. ತೆಂಗಿನಕಾಯಿ ಸೇರದ ಒಣ ಮಸಾಲೆ, ಹುರಿದ ಕೊತ್ತಂಬರಿ ಜೀರಿಗೆಯ ಸಾರಿನ ಪುಡಿ, ಚಟ್ನಿಪುಡಿ ಇವುಗಳನ್ನು ಈಗಲೇ, ಅಡುಗೆಮನೆ ಇರುವಾಗಲೇ ಮಾಡಿಟ್ಟುಕೊಳ್ಳಿ. ಉಣ್ಣಲು ಆದಷ್ಟು ಬಾಳೆ ಎಲೆ, ಹಾಳೆ ತಟ್ಟೆಗಳನ್ನೇ ಬಳಸಿ. ಹತ್ತು ಮಂದಿಯ ಬಟ್ಟಲುಗಳನ್ನು ತೊಳೆಯುವ ಒಂದು ಗಂಟೆ ನಿಮಗೆ ಉಳಿಯುತ್ತದೆ.

ಉತ್ತರ (ಕುಂಬಳೆಯಿಂದ, ವಯರಿಂಗ್ ಕೆಲಸದವನು)

ಮೇಲಿನ ಅಕ್ಕನವರು ಜಾಗದ ಬಗ್ಗೆ ಹೇಳಿದ್ದನ್ನು ನಾನೂ ಒಪ್ಪುತ್ತೇನೆ. ಆದರೆ ನೀರಿನ ಹತ್ತಿರ ಇಂಡಕ್ಷನ್ ಇಡುವಾಗ ಕೆಲವು ಸಂಗತಿಗಳನ್ನು ಗಮನಿಸಬೇಕು. 2000 ವ್ಯಾಟಿನ ಇಂಡಕ್ಷನ್ ಒಲೆ 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಕರೆಂಟನ್ನು ಎಳೆಯುತ್ತದೆ. ಹಳೆಯ ಮನೆಗಳ ಜಗಲಿಯಲ್ಲಿ, ಚಾವಡಿಯಲ್ಲಿ ಇರುವುದು ಸಾಮಾನ್ಯವಾಗಿ ಬಲ್ಬು, ಫ್ಯಾನುಗಳಿಗಾಗಿ ಕೂರಿಸಿದ 6 ಆಂಪಿಯರಿನ ಸಾಕೆಟ್. ಅದರಲ್ಲಿ ಈ ಒಲೆಯನ್ನು ನಡೆಸಿದರೆ ಪ್ಲಗ್ಗು ಕರಗುತ್ತದೆ, ವಯರು ಒಳಗಿಂದೊಳಗೆ ಬಿಸಿಯಾಗುತ್ತದೆ. ಎಕ್ಸ್‌ಟೆನ್ಶನ್ ಬಾಕ್ಸ್ ಹಾಕಿ ಇಂಡಕ್ಷನ್, ಮಿಕ್ಸಿ, ಫ್ರಿಜ್ ಮೂರನ್ನೂ ಅದಕ್ಕೇ ಸಿಕ್ಕಿಸಿದ ಮನೆಗಳನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಹೇಗೂ ಹೊಸ ಅಡುಗೆಮನೆಗೆ ವಯರಿಂಗ್ ಮಾಡಿಸುತ್ತೀರಿ. ಅದೇ ಕೆಲಸದವರಿಂದ ಮೊದಲ ದಿನವೇ ಮೈನ್ ಸ್ವಿಚ್ಚಿನಿಂದ ಜಗಲಿಗೆ ಪ್ರತ್ಯೇಕ ವಯರು ಎಳೆಸಿ, 16 ಆಂಪಿಯರಿನ ಒಂದು ಸಾಕೆಟ್ಟನ್ನು ಗೋಡೆಯಲ್ಲಿ ಎತ್ತರಕ್ಕೆ ಹಾಕಿಸಿ. ಒದ್ದೆ ಕೈಯಲ್ಲಿ ಮುಟ್ಟುವ ಜಾಗವಾದುದರಿಂದ ಕರೆಂಟು ಸೋರಿದ ಕೂಡಲೇ ತಾನಾಗಿ ಕಡಿದುಬಿಡುವ ಸ್ವಿಚ್ಚು, ಅಂದರೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಇರಲೇಬೇಕು. ಅದು ಮುಂದೆಯೂ ಉಪಯೋಗಕ್ಕೆ ಬರುವುದರಿಂದ ಹಣ ವ್ಯರ್ಥವಾಗುವುದಿಲ್ಲ.

ಅಲ್ಯೂಮಿನಿಯಮ್, ತಾಮ್ರ, ಹಿತ್ತಾಳೆಯ ಪಾತ್ರೆಗಳು ಸಾಮಾನ್ಯ ಇಂಡಕ್ಷನ್ನಿನ ಮೇಲೆ ಬಿಸಿಯಾಗುವುದಿಲ್ಲ. ಪಾತ್ರೆಯ ತಳಕ್ಕೆ ಅಯಸ್ಕಾಂತವನ್ನು ಹಿಡಿದು ನೋಡಿ. ಅದು ಗಟ್ಟಿಯಾಗಿ ಅಂಟಿಕೊಂಡರೆ ಸಾಕು. ಕಬ್ಬಿಣದ ಕಾವಲಿ ತಳ ಸಮತಟ್ಟಾಗಿದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. ತೋಟಗಳ ಪಂಪು ಓಡುವ ಹೊತ್ತಿನಲ್ಲಿ ನಮ್ಮ ಕಡೆ ವೋಲ್ಟೇಜು ಇಳಿಯುವುದರಿಂದ ಇಂಡಕ್ಷನ್ನನ್ನೇ ನಂಬಿ ಕೂರಬೇಡಿ. ಅದು ಚಹಾ, ಹಾಲು, ಬಿಸಿನೀರಿಗೆ ಇರಲಿ.

ಗ್ಯಾಸಿನ ಬಗ್ಗೆಯೂ ಒಂದು ಮಾತು. ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲದ ಮಟ್ಟದಲ್ಲಿಯೇ ತುಂಬಿ ನಿಲ್ಲುತ್ತದೆ. ಆದುದರಿಂದ ಕಿಟಕಿ ಮೇಲಿರುವ, ಹೊಸ್ತಿಲು ಎತ್ತರವಿರುವ ಉಗ್ರಾಣದಲ್ಲಿ ಸಿಲಿಂಡರನ್ನು ಖಂಡಿತ ಇಡಬಾರದು. ಒಲೆ ಸಿಲಿಂಡರಿಗಿಂತ ಎತ್ತರದ ಮೇಜಿನ ಮೇಲಿರಲಿ, ಸಿಲಿಂಡರು ನೆಟ್ಟಗೆ ನಿಂತಿರಲಿ, ಕೆಲಸದವರು ಓಡಾಡುವ ದಾರಿಗೆ ಅಡ್ಡವಾಗಿ ಪೈಪು ಹೋಗದಿರಲಿ. ರಬ್ಬರು ಪೈಪಿನ ಮೇಲೆ ಮುದ್ರಿಸಿರುವ ತಾರೀಕನ್ನು ನೋಡಿ. ಐದು ವರ್ಷ ಕಳೆದಿದ್ದರೆ ಜಾಗ ಬದಲಿಸುವಾಗಲೇ ಹೊಸತನ್ನು ಹಾಕಿಸಿ. ಜೋಡಣೆಯನ್ನು ಸಾಬೂನಿನ ನೊರೆಯಿಂದಲೇ ಪರೀಕ್ಷಿಸಬೇಕು, ಬೆಂಕಿಕಡ್ಡಿಯಿಂದಲ್ಲ. ಜಗಲಿಯ ಹತ್ತಿರ ಕಬ್ಬಿಣವನ್ನು ಕತ್ತರಿಸುವ ಅಥವಾ ವೆಲ್ಡಿಂಗ್ ಮಾಡುವ ಕೆಲಸವಿದ್ದರೆ ಆ ಹೊತ್ತು ರೆಗ್ಯುಲೇಟರನ್ನು ಮುಚ್ಚಿಬಿಡಿ. ಸೋರಿಕೆಯ ಸಂಶಯ ಬಂದರೆ ಕರೆಯಬೇಕಾದ ಸಂಖ್ಯೆ 1906. ಅದನ್ನು ಗೋಡೆಯ ಮೇಲೆ ಬರೆದಿಡಿ.

ಉತ್ತರ (ಉಪ್ಪಳದಿಂದ)

ಇಷ್ಟೆಲ್ಲ ಕಷ್ಟಪಡುವ ಬದಲು ಮಧ್ಯಾಹ್ನದ ಒಂದು ಊಟವನ್ನಾದರೂ ಹತ್ತಿರದ ಮೆಸ್ಸಿನಿಂದ ತರಿಸಿಕೊಳ್ಳಬಹುದಲ್ಲವೇ? ನಾವು ಹಾಗೆಯೇ ಮಾಡಿದೆವು. ಅತ್ತೆಯವರಿಗೂ ಮಾವನವರಿಗೂ ಮಾತ್ರ ಮನೆಯಲ್ಲಿ ಮಾಡಿದರೆ ಒಂದೇ ಉರಿ ಸಾಕಾಗುತ್ತದೆ.

ಉತ್ತರ (ಮುಳ್ಳೇರಿಯದಿಂದ, ನಿವೃತ್ತ ಅಧ್ಯಾಪಕ)

ತಂಗಿಯವರಿಗೆ ನಮಸ್ಕಾರ. ಉಪ್ಪಳದವರು ಹೇಳಿದ ದಾರಿ ಪೇಟೆಯ ಹತ್ತಿರ ಇರುವವರಿಗೆ ಅನುಕೂಲವೇ. ಆದರೆ ಎರಡು ಬಗೆಯ ಊಟದ ವ್ಯವಸ್ಥೆಯಾದಾಗ ಹೊತ್ತು ತಪ್ಪುವುದು ಹೆಚ್ಚು. ನಾನೂ ಹದಿನೈದು ವರ್ಷಗಳಿಂದ ಇನ್ಸುಲಿನ್ ತೆಗೆದುಕೊಳ್ಳುವವನು. ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಊಟ ತಡವಾದರೆ ರಕ್ತದ ಸಕ್ಕರೆ ಇಳಿದು ಬೆವರು, ನಡುಕ, ತಲೆ ಸುತ್ತುವಿಕೆ ಬರುತ್ತದೆ. ನಮ್ಮ ಮನೆಯಲ್ಲಿ ಕೆಲಸ ನಡೆಯುತ್ತಿದ್ದಾಗ ಒಮ್ಮೆ ಕರೆಂಟಿಲ್ಲದೆ, ಗ್ಯಾಸು ಮುಗಿದು, ಅರ್ಧ ಗಂಟೆಯ ತಡದಲ್ಲಿ ನಾನು ಕುರ್ಚಿಯಿಂದ ಏಳಲಾರದೆ ಹೋದೆ. ಮೊಮ್ಮಗಳು ಬೆಲ್ಲದ ನೀರು ಕುಡಿಸಿದಳು. ಆದುದರಿಂದ ನಿಮ್ಮ ಮಾವನವರ ತಟ್ಟೆ ಮುಂದೆ ಬಂದ ಮೇಲೆಯೇ ಸೂಜಿ ಎಂಬ ನಿಯಮವನ್ನು ಈ ಆರು ವಾರಗಳ ಮಟ್ಟಿಗೆ ಕಟ್ಟುನಿಟ್ಟಾಗಿ ಇಟ್ಟುಕೊಳ್ಳಿ. ಅವರ ಔಷಧಿಗೆ ಅದು ಹೊಂದುತ್ತದೆಯೇ ಎಂದು ವೈದ್ಯರಲ್ಲಿ ಒಮ್ಮೆ ಕೇಳಿಕೊಳ್ಳಿ. ಇನ್ಸುಲಿನ್ ಇರುವ ಫ್ರಿಜ್ಜನ್ನು ಚಾವಡಿಗೆ ಸಾಗಿಸುವಾಗ ಬಾಗಿಸಿದ್ದರೆ, ಕೆಲವು ಗಂಟೆ ನೆಟ್ಟಗೆ ನಿಲ್ಲಿಸಿದ ಮೇಲೆಯೇ ಸ್ವಿಚ್ಚು ಹಾಕಬೇಕಾಗುತ್ತದೆ. ಆ ಹೊತ್ತಿಗೆ ಇನ್ಸುಲಿನ್ನನ್ನು ನೆರೆಮನೆಯ ಫ್ರಿಜ್ಜಿನಲ್ಲಿರಿಸಿ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಬಿಸಿಪೆಟ್ಟಿಗೆಯ ಬಗ್ಗೆ. 1962ರಲ್ಲಿ ಆರಂಭವಾದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಹೊಗೆ ಕಡಿಮೆಯಾದ ಒಲೆಯನ್ನು ಊರೂರಿಗೆ ಪರಿಚಯಿಸಿದ ಸಂಗತಿ ನಮ್ಮ ಜಿಲ್ಲೆಯ ಹಿರಿಯರಿಗೆ ನೆನಪಿರಬಹುದು. ಮಲಯಾಳದಲ್ಲಿ ಚೂಡಾರಾಪ್ಪೆಟ್ಟಿ ಎಂದು ಕರೆಯುವ, ಬಿಸಿ ಆರದ ಪೆಟ್ಟಿಗೆಯನ್ನು ಮನೆಮನೆಗೆ ತಲುಪಿಸಿದವರೂ ಅವರೇ. ಈಗ ಅಂಗಡಿಗಳಲ್ಲಿ ಥರ್ಮಲ್ ಕುಕ್ಕರ್ ಎಂದು ಸಿಗುವುದರ ತತ್ತ್ವವೂ ಅದೇ: ಒಮ್ಮೆ ಚೆನ್ನಾಗಿ ಕುದಿದ ಪಾತ್ರೆಯ ಶಾಖವನ್ನು ಹೊರಗೆ ಹೋಗಲು ಬಿಡದಿದ್ದರೆ, ಬೆಂಕಿಯಿಲ್ಲದೆಯೇ ಅಕ್ಕಿ ಬೇಯುತ್ತದೆ. ಕುಚ್ಚಲಕ್ಕಿಯನ್ನು ತೊಳೆದು, ಕುದಿಯುವ ನೀರಿಗೆ ಹಾಕಿ, ಮುಚ್ಚಿ ಹದಿನೈದು ನಿಮಿಷ ಬಲವಾಗಿ ಕುದಿಸಿ ಪೆಟ್ಟಿಗೆಯೊಳಗೆ ಇಳಿಸಿದರೆ ಒಂದು ಗಂಟೆ, ಒಂದೂಕಾಲು ಗಂಟೆಯಲ್ಲಿ ಅನ್ನ ಅರಳಿರುತ್ತದೆ. ಅಕ್ಕಿ ಹಳೆಯದಾದಷ್ಟು ಹೊತ್ತು ಸ್ವಲ್ಪ ಹೆಚ್ಚು ಬೇಕು. ನಡುವೆ ಮುಚ್ಚಳವನ್ನು ತೆರೆದು ನೋಡುವ ಅಭ್ಯಾಸವನ್ನು ಬಿಡಬೇಕು. ತೆರೆದರೆ ಮತ್ತೆ ಕುದಿಸಿಯೇ ಇಡಬೇಕಾಗುತ್ತದೆ. ಪಾತ್ರೆಯಲ್ಲಿ ಮುಕ್ಕಾಲು ಭಾಗವಾದರೂ ತುಂಬಿರಬೇಕು, ಖಾಲಿ ಜಾಗ ಹೆಚ್ಚಿದ್ದರೆ ಶಾಖ ನಿಲ್ಲುವುದಿಲ್ಲ. ಕೊಳ್ಳುವುದು ಬೇಡವೆಂದಾದರೆ ದೊಡ್ಡ ಮರದ ಪೆಟ್ಟಿಗೆಯಲ್ಲಿ ಬೈಹುಲ್ಲನ್ನು ಒತ್ತಿ ತುಂಬಿ, ನಡುವೆ ಪಾತ್ರೆಯ ಗಾತ್ರಕ್ಕೆ ಗುಳಿ ಮಾಡಿ, ಮೇಲೆ ಹಳೆಯ ಕಂಬಳಿಯನ್ನು ಮಡಚಿ ಹೊದೆಸಿದರೂ ಆಗುತ್ತದೆ. ಬೆಳಗ್ಗೆ ಕೆಲಸದವರು ಬರುವ ಮೊದಲೇ ಅಕ್ಕಿಯನ್ನು ಪೆಟ್ಟಿಗೆಗೆ ಸೇರಿಸಿದರೆ, ಧೂಳಿನ ಹೊತ್ತಿನಲ್ಲಿ ಒಲೆಯೂ ಉರಿಯಬೇಕಾಗಿಲ್ಲ, ಪಾತ್ರೆಯೂ ತೆರೆದಿರುವುದಿಲ್ಲ. ಊಟದ ಹೊತ್ತಿನವರೆಗೆ ಮಾತ್ರ ಪೆಟ್ಟಿಗೆಯಲ್ಲಿರಲಿ. ಮತ್ತೆ ಉಳಿದ ಅನ್ನ 60 ಡಿಗ್ರಿಗಿಂತ ಕೆಳಗಿಳಿದು ಉಗುರುಬೆಚ್ಚಗೆ ನಿಂತಿದ್ದರೆ ಕೆಡುತ್ತದೆ. ಎರಡು ಗಂಟೆಯೊಳಗೆ ತಣಿಸಿ ಫ್ರಿಜ್ಜಿನಲ್ಲಿ ಇಡಬೇಕು.

ಇನ್ನೊಂದು ವಿಚಾರವನ್ನು ಯಾರೂ ಹೇಳಿಲ್ಲ. ಕಟ್ಟೆಗೆ ಕಾಂಕ್ರೀಟ್ ಹಾಕಿದ ಬಳಿಕ ಕಡಿಮೆಯೆಂದರೆ ಏಳು ದಿನ ನೀರು ಹಾಕಿ ಒದ್ದೆಯಾಗಿಡಬೇಕು. ಆ ವಾರ ಕೊರೆಯುವ, ಕತ್ತರಿಸುವ ಕೆಲಸ ಹೆಚ್ಚಾಗಿ ಇರುವುದಿಲ್ಲ. ಮಕ್ಕಳಿಗೆ ನೀರುದೋಸೆ, ಕಡುಬು, ಒತ್ತುಶ್ಯಾವಿಗೆ ಎಂದು ಆಸೆಯಿದ್ದರೆ ಅವನ್ನು ಆ ಏಳು ದಿನಗಳಿಗೆ ಇಟ್ಟುಕೊಳ್ಳಿ. ಆವಿಯಲ್ಲಿ ಬೇಯಿಸುವ ಅಟ್ಟಿನಳಗೆಯನ್ನು ಮಾತ್ರ ಕಟ್ಟಿ ಒಳಗಿಡಬೇಡಿ, ಕೈಗೆ ಸಿಗುವಲ್ಲಿ ಇರಿಸಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಅತ್ತೆಯವರಿಗೆ ಎಲ್ಲ ಉತ್ತರಗಳನ್ನೂ ಓದಿ ಹೇಳಿದೆ. ಬಚ್ಚಲುಮನೆಯ ಜಗಲಿಯನ್ನೇ ಆರಿಸಿದ್ದೇವೆ. ನಾಳೆ ವಯರಿಂಗಿನವರು ಬಂದು 16 ಆಂಪಿಯರಿನ ಸಾಕೆಟ್ ಹಾಕುತ್ತಾರೆ. ಗ್ಯಾಸಿನ ಪೈಪನ್ನು ನೋಡಿದಾಗ ಅವಧಿ ಮುಗಿದು ಒಂದು ವರ್ಷವಾಗಿತ್ತು. ಇಷ್ಟು ದಿನ ಅದರ ಹತ್ತಿರವೇ ಮಕ್ಕಳನ್ನು ಕೂರಿಸಿ ತಿಂಡಿ ಕೊಡುತ್ತಿದ್ದೆನಲ್ಲ ಎಂದು ಎದೆ ನಡುಗಿತು, ಇಂದೇ ಬದಲಿಸಿದೆವು. ಬೈಹುಲ್ಲಿನ ಪೆಟ್ಟಿಗೆಯನ್ನು ಅತ್ತೆಯವರೇ ಉತ್ಸಾಹದಿಂದ ಸಿದ್ಧಪಡಿಸಿದ್ದಾರೆ, ಅವರ ತವರುಮನೆಯಲ್ಲಿ ಹಾಲಿನ ಪಾತ್ರೆಯನ್ನು ಹೀಗೆಯೇ ಬಿಸಿಯಾಗಿ ಇಡುತ್ತಿದ್ದರಂತೆ. ನಿನ್ನೆ ಅದರಲ್ಲಿ ಒಂದು ಸೇರು ಅಕ್ಕಿಯನ್ನು ಪರೀಕ್ಷೆಗೆಂದು ಇಟ್ಟೆವು. ಒಂದು ಗಂಟೆಗೆ ತೆರೆದಾಗ ನಡುವೆ ಸ್ವಲ್ಪ ಕಾಳು ಗಟ್ಟಿಯಿತ್ತು, ಇಂದು ಇನ್ನೂ ಇಪ್ಪತ್ತು ನಿಮಿಷ ಹೆಚ್ಚು ಬಿಟ್ಟೆವು, ಸರಿಯಾಯಿತು.

ಕೆಲಸದವರ ಊಟದ ವಿಷಯವೊಂದು ಉಳಿದಿದೆ. ಅವರಿಗೆ ಊಟದ ಬದಲು ಹಣ ಕೊಡಬಹುದೆಂದು ನಮ್ಮ ಯಜಮಾನರು ಹೇಳುತ್ತಾರೆ, ಅತ್ತೆಯವರಿಗೆ ಮನಸ್ಸಿಲ್ಲ. ಪೆರ್ಲದ ಅಕ್ಕನವರು ಏನು ಮಾಡಿದಿರಿ?

ಉತ್ತರ (ಪೆರ್ಲದಿಂದ)

ನಾವು ಮೇಸ್ತ್ರಿಯವರನ್ನು ಕೂರಿಸಿ ನೇರವಾಗಿ ಕೇಳಿದೆವು. ಮಧ್ಯಾಹ್ನ ಬೇರೆ ಏನೂ ಬೇಡ, ಗಂಜಿ, ಒಂದು ಚಟ್ನಿ, ಉಪ್ಪಿನಕಾಯಿ ಇದ್ದರೆ ಸಾಕು, ಬಿಸಿಲಿಗೆ ಅದೇ ಒಳ್ಳೆಯದು ಎಂದು ಅವರೇ ಹೇಳಿದರು. ಮನೆಯವರಿಗೂ ಅದನ್ನೇ ಮಾಡುತ್ತಿದ್ದುದರಿಂದ ಅಕ್ಕಿಯನ್ನು ಹೆಚ್ಚು ಹಾಕಿದ್ದು ಬಿಟ್ಟರೆ ಬೇರೆ ಕೆಲಸ ಬೀಳಲಿಲ್ಲ. ಚಹಾಕ್ಕೆ ಎರಡು ಲೀಟರಿನ ಫ್ಲಾಸ್ಕೊಂದನ್ನು ತಂದು, ಬೆಳಗ್ಗೆ ಒಮ್ಮೆ, ಮಧ್ಯಾಹ್ನದ ಪಾತ್ರೆಗಳನ್ನು ತೊಳೆದ ಮೇಲೆ ಒಮ್ಮೆ ತುಂಬಿಸಿ ಅಂಗಳದ ಬೆಂಚಿನ ಮೇಲಿಡುತ್ತಿದ್ದೆ. ಲೋಟಗಳಿಗೆ ಒಂದು ಮುಚ್ಚಳವಿರುವ ಬುಟ್ಟಿಯನ್ನು ಇಡಿ, ಇಲ್ಲದಿದ್ದರೆ ಪ್ರತಿ ಬಾರಿಯೂ ಧೂಳು ತೊಳೆದೇ ಕೊಡಬೇಕಾಗುತ್ತದೆ.